ನೀಲಿ ನೀರು ಬಂದ ದಾರಿ

"ಬಂತೇನ್ರೀ?"

"ಇನ್ನಾ ಬಂದಿಲ್ಲ."

"ಕಣ್ಣು ಬಿಟ್ಟು ನೋಡ್ರಿ."

"ಬಿಟ್ಕಂಡಾ ಕುಂತೀನಲ್ಲ! ಇನ್ನೂ ಬಿಟ್ರ ಕಣ್ಣು ಕಳಚಿ ಗಟಾರದಾಗ ಬೀಳ್ತಾವು."

ನನ್ನ ಹೆಂಡತಿ ಜಂಬಕ್ಕ ನಗಲಿಲ್ಲ. ಸೀರೆ ಎತ್ತಿ ಕಟ್ಟಿ, ಚರಂಡಿಯ ಬಾಯಿಯ ಎದುರು ಕುಕ್ಕರಗಾಲಲ್ಲಿ ಕೂತಿದ್ದಳು. ಕೊಟ್ಟೂರಿನ ನಮ್ಮ ಬಾವಿ ಓಣಿಯ ಚರಂಡಿ ಮೇಲಿನಿಂದ ಕೆಳಗಿನವರೆಗೂ ಚಪ್ಪಡಿಕಲ್ಲಿನ ಅಡಿಯಲ್ಲೇ ಹರಿಯುತ್ತದೆ. ಅದು ಬೆಳಕು ಕಾಣುವುದು ಓಣಿಯ ಈ ಕೊನೆಯಲ್ಲಿ ಮಾತ್ರ, ನಮ್ಮ ಖಾನಾವಳಿಯ ಗೋಡೆಯ ಪಕ್ಕ. ಇಲ್ಲಿ ಕೂತರೆ ಯಾರ ಮನೆಯಲ್ಲಿ ಏನು ಬೆಂದಿದೆ, ಯಾರು ಎಣ್ಣೆ ಹಚ್ಚಿಕೊಂಡು ಮಿಂದರು, ಯಾರು ಗಂಡನ ಮೇಲಿನ ಸಿಟ್ಟಿಗೆ ಸಾರು ಚೆಲ್ಲಿದರು, ಎಲ್ಲವನ್ನೂ ಅವಳು ನೀರು ನೋಡಿಯೇ ಹೇಳುತ್ತಾಳೆ. ಒಮ್ಮೆ ಬೇಳೆ ತೊಳೆದ ನೀರು ನೋಡಿ, ಸಂಜೆಗೆ ಬರುವ ನೆಂಟರ ಊರು ತಂಬ್ರಹಳ್ಳಿ ಎಂದಿದ್ದಳು. ನೆಂಟರು ಬಂದರು. ತಂಬ್ರಹಳ್ಳಿಯವರೇ!

ಇವತ್ತು ಅಂಥ ಆಟ ಇರಲಿಲ್ಲ. ಒಂದು ಕೂಸಿನ ಸ್ನಾನ ಈ ಚರಂಡಿಯಲ್ಲಿ ಸಿಕ್ಕಿಕೊಂಡಿತ್ತು.

ಓಣಿಯಲ್ಲಿ ಸಾಲಾಗಿ ನಾಲ್ಕು ಮನೆ. ಎಲ್ಲಕ್ಕೂ ಮೇಲೆ, ಬಟ್ಟೆ ಅಂಗಡಿ ಬಂಗಾರಪ್ಪನ ಹೊಸ ಮಾಳಿಗೆ ಮನೆ. ಅದರ ಕೆಳಗೆ ಅನ್ನದಾನಮ್ಮನ ಮನೆ. ಅವಳ ಮಗಳು ಅಮೃತಾ ಹೆರಿಗೆಗೆ ಬಂದು ಈಗ ಹಸಿ ಬಾಣಂತಿ. ಅದರ ಕೆಳಗೆ ಲೂನಾ ರಿಪೇರಿ ಮಾಡುವ ಮಸ್ತಾನಸಾಬನ ಮನೆ. ಕಡೆಗೆ ನಮ್ಮ ಖಾನಾವಳಿ. ಚರಂಡಿ ನಡುವೆ ಎಲ್ಲೋ ಕಟ್ಟಿಕೊಂಡು, ನೀರು ಹಿಮ್ಮೆಟ್ಟಿ, ಅನ್ನದಾನಮ್ಮನ ಬಚ್ಚಲಿನಲ್ಲಿ ಮೊಣಕಾಲುದ್ದ ನಿಂತಿತ್ತು.

ಬಂಗಾರಪ್ಪ ಬೆಳಿಗ್ಗೆಯೇ ಗೌಂಡಿ ಪಾಲಾಕ್ಷಪ್ಪನನ್ನು ಸಿಮೆಂಟು ಸಮೇತ ಕರೆದುಕೊಂಡು ಬಂದಿದ್ದ. "ಬಾಣಂತಿ ನೀರು, ಕಡ್ಲಿಹಿಟ್ಟು, ಎಣ್ಣಿ! ಅದಾ ಕಟ್ಟೈತಿ. ಅನ್ನದಾನಮ್ಮನ ಬಚ್ಚಲಾ ತೂತು ಮುಚ್ಚಿಬಿಡು," ಎಂದು ನಿಂತಿದ್ದ. ಜಂಬಕ್ಕ ಅಡ್ಡ ಹೋಗಿ, ಎಲ್ಲರ ಎದುರು ಒಂದು ಕರಾರು ಹಾಕಿಸಿದ್ದಳು. ಯಾರ ಮನೆಯ ಸಾಮಾನಿನಿಂದ ಚರಂಡಿ ಕಟ್ಟಿದೆ ಎಂದು ಮಧ್ಯಾಹ್ನದೊಳಗೆ ಅವಳು ತೋರಿಸಬೇಕು. ತೋರಿಸಿದರೆ ಅವರ ಬಚ್ಚಲಿಗೆ ಸಿಮೆಂಟು. ತೋರಿಸದಿದ್ದರೆ ಅನ್ನದಾನಮ್ಮನ ಬಚ್ಚಲಿಗೇ.

ಬಚ್ಚಲಿಲ್ಲದ ಬಾಣಂತಿ ಅಂದರೆ ಒಲೆಯಿಲ್ಲದ ಖಾನಾವಳಿ. ಎರಡು ದಿನದಿಂದ ಕೂಸಿಗೆ ನೀರು ಬಿದ್ದಿರಲಿಲ್ಲ. ಅದರ ಅಳು ಎಷ್ಟು ಜೋರಾಗಿತ್ತೆಂದರೆ ಹಗರಿಬೊಮ್ಮನಹಳ್ಳಿ ಬಸ್ಸಿನ ಡ್ರೈವರ್ ಅದನ್ನು ಹಾರನ್ ಎಂದುಕೊಂಡು ದಾರಿ ಬಿಟ್ಟಿದ್ದ.

"ಬಂತು! ಕೆಂಪು!" ನಾನು ಕೂಗಿದೆ.

ಜಂಬಕ್ಕನ ಉಪಾಯ ಇದು. ಒಂದೊಂದು ಮನೆಯ ನೀರಿಗೆ ಒಂದೊಂದು ಬಣ್ಣ. ನಮ್ಮ ಬಚ್ಚಲಿಗೆ ಕುಂಕುಮ, ಮಸ್ತಾನಸಾಬನ ಬಚ್ಚಲಿಗೆ ಮದರಂಗಿ, ಅನ್ನದಾನಮ್ಮನ ಬಚ್ಚಲಿಗೆ ಅರಿಶಿನ. ಯಾವ ಬಣ್ಣ ಕೆಳಗೆ ಬರುವುದಿಲ್ಲವೋ ಆ ಮನೆಯ ಕೆಳಗೇ ಚರಂಡಿ ಕಟ್ಟಿದೆ.

ಕೆಂಪಿನ ಹಿಂದೆ ಹಸಿರು ಬಂತು. ಮಸ್ತಾನಸಾಬನ ಹೆಂಡತಿ ರಹಿಮತ್ ಬೀ ಓಣಿಯ ನಡುವಿನಿಂದ ಕೂಗಿದಳು, "ಜಂಬಕ್ಕಾ, ನಂದು ಬಂತೇನವಾ?"

"ಬಂತು ತಾಯಿ. ಕೈಗೆ ಹಚ್ಚಿಕೊಂಡ್ರ ರಂಗು ಏರ್ತೈತಿ ಹಂಗ ಬಂತು."

"ಅರಿಶಿಣ?"

ಅರಿಶಿನ ಬರಲಿಲ್ಲ. ಕಾದೆವು. ಬರಲಿಲ್ಲ. ಅಂದರೆ ಕಟ್ಟಿಕೊಂಡಿರುವುದು ಅನ್ನದಾನಮ್ಮನ ಮನೆಗೂ ಮಸ್ತಾನಸಾಬನ ಮನೆಗೂ ನಡುವೆ.

ಬಿಸಿಲಿಗೆ ಮುಖದಲ್ಲಿ ಬೆವರಿಳಿಯಿತು. ಅಂಗಿಯ ತುದಿಯಿಂದ ಒರೆಸಿಕೊಂಡೆ.

"ನಿಮ್ಮ ಟವೆಲ್ ಎಲ್ಲೈತ್ರಿ? ಹಸರು ಅಂಚಿಂದು?"

"ಶನಿವಾರದಿಂದ ಇಲ್ಲ. ಹಡಗಲಿಗೆ ಹೋಗಾಕಿಂತ ಮೊದ್ಲು ಹಗ್ಗದ ಮ್ಯಾಲ ಹಾಕಿದ್ದೆ. ಹದ್ದು ಒಯ್ದೈತಿ. ಹರಪನಹಳ್ಳಿ ಹದ್ದು ಭಾರಿ ಇರ್ತಾವು, ಒಮ್ಮೆ ಒಂದು ಜಮಖಾನಾ..."

"ಸಾಕ್ರಿ."

"ಹಡಗಲಿ ಬಸ್ಸಿನ ಕಥಿ ಹೇಳೀನೇನು ನಿನಗ?"

"ಊರಿಗೆಲ್ಲಾ ಹೇಳೀರಿ."

ಹೇಳಿದ್ದು ನಿಜ. ಶನಿವಾರ ಸಂಜೆ ಹಡಗಲಿಯಿಂದ ಬರುವ ಬಸ್ಸಿಗೆ ಮಲ್ಲಿಗೆ ಮೂಟೆಗಳನ್ನು ಏರಿಸಿದ್ದರು. ಆ ವಾಸನೆಗೆ ಮೊದಲು ಕಂಡಕ್ಟರ್ ಮಲಗಿದ, ಆಮೇಲೆ ಡ್ರೈವರ್ ಮಲಗಿದ. ಬಸ್ಸು ತಾನೇ ದಾರಿ ಹಿಡಿದು, ತಿರುವಿನಲ್ಲಿ ತಾನೇ ತಿರುಗಿ, ಕೊಟ್ಟೂರು ಬಸ್‌ಸ್ಟ್ಯಾಂಡಿಗೆ ತಾನೇ ಬಂದು ನಿಂತಿತು. ನಾನು ಇಳಿದಾಗ ಊರಿನ ದೀಪಗಳೆಲ್ಲ ಹತ್ತಿದ್ದವು. ಈ ಕಥೆಯನ್ನು ನಂಬಿದವರು ಓಣಿಯಲ್ಲಿ ಒಬ್ಬರೂ ಇಲ್ಲ.

ಜಂಬಕ್ಕ ಏಳಲು ಮೊಣಕಾಲಿಗೆ ಕೈ ಊರಿದಳು. ಅಷ್ಟರಲ್ಲಿ ಅವಳ ಕೈ ಅಲ್ಲೇ ನಿಂತಿತು.

"ರೀ, ಅದೇನು?"

ಚರಂಡಿಯ ಬಾಯಿಂದ ತೆಳ್ಳಗೆ, ಹೊಸ ಸೀರೆಯ ಸೆರಗಿನ ಹಾಗೆ, ನೀಲಿ ನೀರು ಬರುತ್ತಿತ್ತು.

ನಾನು ನೋಡಿದೆ. ಅವಳು ನನ್ನನ್ನು ನೋಡಿದಳು. ಅವಳ ಮುಖದಲ್ಲಿ ನಗು ಮೆಲ್ಲಗೆ ಅರಳಿತು.

"ನಡ್ರಿ," ಎಂದಳು. "ಬಂಗಾರಪ್ಪಣ್ಣನ ಪಾಯಖಾನಿ ಇನ್ನೊಮ್ಮಿ ನೋಡೋಣಂತ."

ಬಟ್ಟೆಗೆ ಹಾಕುವ ಆ ನೀಲಿ ಹೋದದ್ದು ಎಲ್ಲಿಗೆ ಎಂದು ಹೇಳಬೇಕು. ಬಂಗಾರಪ್ಪನಿಗೆ ತನ್ನ ಹೊಸ ಪಾಯಖಾನೆ ಎಂದರೆ ಪ್ರಾಣ. ಹೊಳೆಯುವ ಟೈಲ್ಸು, ಮೇಲೊಂದು ಪುಟ್ಟ ಬಲ್ಬು, ಗಿಳಿ ಚಿತ್ರದ ಬಾಗಿಲು. ಮನೆಗೆ ಬಂದವರಿಗೆ ಮೊದಲು ಅದನ್ನು ತೋರಿಸಿ ಆಮೇಲೆ ಚಹಾ ಕೊಡುತ್ತಾನೆ. ಬೆಳಿಗ್ಗೆ ಜಂಬಕ್ಕ "ಅಣ್ಣಾ, ಒಮ್ಮಿ ಒಳಗ ಹೋಗಿ ಬರ್ತೀನಿ" ಎಂದಾಗ, ಜಗಳದ ನಡುವೆಯೂ ಅವನೇ ಬಲ್ಬು ಹಾಕಿ ಕೊಟ್ಟಿದ್ದ. ಅವಳು ಬಾಗಿಲು ಹಾಕಿಕೊಂಡು ಒಂದು ಪೊಟ್ಟಣ ನೀಲಿ ಸುರಿದು ಎರಡು ಕೊಡ ನೀರು ಹೊಯ್ದಿದ್ದಳು.

ಆ ಪಾಯಖಾನೆಯ ನೀರು ಹೋಗುವುದು ಮನೆಯ ಹಿತ್ತಲಿನ ಗುಂಡಿಗೆ. ಹಾಗೆಂದು ಬಂಗಾರಪ್ಪ ಓಣಿಗೆಲ್ಲ ಹೇಳಿದ್ದ. "ಆನಿ ಬಿದ್ರೂ ಕಾಣಂಗಿಲ್ಲ, ಅಷ್ಟು ಆಳ ತೋಡಿಸೀನಿ," ಎಂದು ಗುಂಡಿಯ ಮುಚ್ಚಳಕ್ಕೆ ತೆಂಗಿನಕಾಯಿ ಒಡೆಸಿ ನಮಗೆಲ್ಲ ಪೇಡೆ ಹಂಚಿದ್ದ. ಗುಂಡಿಗೆ ಹೋದ ನೀಲಿ ಗುಂಡಿಯಲ್ಲೇ ಇರಬೇಕು. ಚರಂಡಿಗೆ ಹೇಗೆ ಬಂತು?

ನಾವು ಹೋದಾಗ ಬಂಗಾರಪ್ಪ ಕಟ್ಟೆಯ ಮೇಲೆ ಕಾಲು ಅಲ್ಲಾಡಿಸುತ್ತ ಕೂತಿದ್ದ. ಗೌಂಡಿ ಪಾಲಾಕ್ಷಪ್ಪ ಪಕ್ಕದಲ್ಲಿ ಸಿಮೆಂಟು ಕಲಸುತ್ತಿದ್ದ. ರಹಿಮತ್ ಬೀ, ಮಸ್ತಾನಸಾಬ, ಅನ್ನದಾನಮ್ಮ ಎಲ್ಲ ಹಿಂದೆಯೇ ಬಂದರು.

"ಏನು ಜಂಬಕ್ಕ, ಸಿಕ್ತೇನು ಕಳ್ಳ?"

"ಸಿಕ್ಕ ಅಣ್ಣಾ. ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ನಿನ್ನ ಪಾಯಖಾನಿ ನೀರು ಎಲ್ಲಿಗೆ ಹೋಕ್ಕೈತಿ?"

"ಗುಂಡಿಗೆ. ನೀನಾ ಪೇಡೆ ತಿಂದೀಯಲ್ಲ!"

"ತಿಂದೀನಿ. ಪೇಡೆ ಚಲೋ ಇತ್ತು. ಗುಂಡಿ ಹೆಂಗೈತೋ ನೋಡಬೇಕಾಗಿತ್ತು."

"ಗುಂಡಿ ಏನು ನೋಡ್ತೀಯ? ಮುಚ್ಚಳ ತೆಗದ್ರ ನಾತ ಹೊಡಿತೈತಿ, ಬ್ಯಾಡ."

"ನಿನ್ನ ಮುಚ್ಚಳದ ಮ್ಯಾಲ ಕೋಳಿ ಮಲಗ್ಯಾವಲ್ಲ, ನಾತದ ಕಡೆ ಕೋಳಿನೂ ಮಲಗಂಗಿಲ್ಲ."

ಯಾರೋ ಕಿಸಕ್ಕನೆ ನಕ್ಕರು. ಬಂಗಾರಪ್ಪನ ಕಾಲು ಅಲ್ಲಾಡುವುದು ನಿಂತಿತು.

ಹಿತ್ತಲಿಗೆ ಹೋದೆವು. ಜಂಬಕ್ಕ ಮನೆಯಿಂದ ಹಿಡಿದು ತಂದ ಒನಕೆಯಿಂದ ಮುಚ್ಚಳಕ್ಕೆ ಒಂದು ಏಟು ಕೊಟ್ಟಳು. ಕೆಳಗೆ ಪೊಳ್ಳಿದ್ದರೆ ಡಮರುಗದ ಹಾಗೆ ದನಿ ಬರಬೇಕು. ಟಣ್ ಎಂದಿತು. ಇನ್ನೊಂದು ಏಟು. ಟಣ್.

"ಮಸ್ತಾನಣ್ಣಾ, ಹಾರಿ ಹಾಕು."

ಮಸ್ತಾನಸಾಬ ಹಾರೆ ಸಿಕ್ಕಿಸಿ ಮೀಟಿದ. ಮುಚ್ಚಳ ಮೇಲೆದ್ದಿತು. ಕೆಳಗೆ ಆನೆಯೂ ಇರಲಿಲ್ಲ, ಆಳವೂ ಇರಲಿಲ್ಲ. ಒಂದು ಗೇಣು ಮಣ್ಣು, ಅದರ ಕೆಳಗೆ ನಮ್ಮ ಸೀಮೆಯ ಕರೀ ಬಂಡೆ, ಹಲ್ಲು ಕಿರಿದ ಹಾಗೆ ಹೊಳೆಯುತ್ತಿತ್ತು.

"ಅಯ್ಯೋ ಅಲ್ಲಾ," ಎಂದಳು ರಹಿಮತ್ ಬೀ. "ಇದಕ್ಕೇನು ಕಾಯಿ ಒಡದದ್ದು?"

ಬಂಗಾರಪ್ಪ ಹೆಗಲ ಮೇಲಿನ ಶಲ್ಯ ತೆಗೆದು ಮುಖ ಒರೆಸಿಕೊಂಡ. ಅವನು ಕೆಟ್ಟವನಲ್ಲ. ಓಣಿಯ ಮಕ್ಕಳಿಗೆಲ್ಲ ಹಬ್ಬಕ್ಕೆ ಅಂಗಡಿಯ ತುಂಡು ಬಟ್ಟೆ ಪುಕ್ಕಟೆ ಕೊಡುತ್ತಾನೆ. ಆದರೆ ಒಮ್ಮೆ ಹೇಳಿದ ದೊಡ್ಡ ಮಾತನ್ನು ಚಿಕ್ಕದು ಮಾಡಲು ಅವನಿಗೆ ಬರುವುದಿಲ್ಲ. ಆ ಕಷ್ಟ ನನಗೂ ಗೊತ್ತು.

"ಬಂಡಿ ಬಂತು ಜಂಬಕ್ಕ," ಎಂದ ಮೆಲ್ಲಗೆ. "ಒಂದು ಗೇಣು ತೋಡೋದ್ರಾಗ ಬಂಡಿ ಬಂತು. ಎರಡು ಸುತ್ತಿಗಿ ಮುರದ್ವು. ಆಗಲೇ ಎಲ್ಲಾರಿಗೂ ಹೇಳಿಬಿಟ್ಟಿದ್ದೆ, ಆನಿ ಮುಳುಗ್ತೈತಿ ಅಂತ."

"ಅದಕ್ಕ?"

"ಅದಕ್ಕ... ಪಾಲಾಕ್ಷಪ್ಪ ಅಂದ, ಒಂದು ಪೈಪು ಎಳದು ಓಣಿ ಗಟಾರಕ್ಕ ಕೂಡಿಸಿಬಿಡ್ತೀನಿ, ಯಾರಿಗೂ ಕಾಣಂಗಿಲ್ಲ ಅಂತ."

ನಾವೆಲ್ಲ ಗೌಂಡಿಯ ಕಡೆ ತಿರುಗಿದೆವು. ಪಾಲಾಕ್ಷಪ್ಪ ಸಿಮೆಂಟಿನ ಬುಟ್ಟಿ ನೋಡುತ್ತ ನಿಂತಿದ್ದ. 

ಜಂಬಕ್ಕ ಬಂಗಾರಪ್ಪನ ಹತ್ತಿರ ಹೋದಳು. ಬೈಯುತ್ತಾಳೆ ಎಂದುಕೊಂಡೆ. ಅವಳ ದನಿ ಮಾತ್ರ ತಗ್ಗಿತು.

"ಅಣ್ಣಾ, ಅದು ಬಚ್ಚಲಾ ನೀರು ಹರಿಯೋ ಗಟಾರ. ಕೆಳಗ ನಮ್ಮ ಬಾವಿ ಐತಿ. ಗಟಾರ ತುಂಬಿದ್ರ ಆ ನೀರು ಇಂಗಿ ಎಲ್ಲಿಗೆ ಹೋಕ್ಕೈತಿ, ಹೇಳು. ನಿನ್ನ ಮಕ್ಕಳಾ ಆ ಬಾವಿ ನೀರು ಕುಡಿಯೋದು. ನಾಳೆ ಅಮೃತಾನ ಕೂಸೂ ಅದನ್ನಾ ಕುಡಿಯೋದು."

"ಗೊತ್ತವಾ."

"ಗೊತ್ತಿದ್ದು ಬಾಣಂತಿ ಮ್ಯಾಲ ಹಾಕಿದ್ದ್ಯಲ್ಲ?"

ಬಂಗಾರಪ್ಪ ತಲೆ ಎತ್ತಲಿಲ್ಲ. ಅವನ ಇಬ್ಬರು ಮಕ್ಕಳೂ ಹುಟ್ಟಿದಾಗ ರಹಿಮತ್ ಬೀಯ ಚಾಚಿದ ಕಾಲಿನ ಮೇಲೆ ಮಲಗಿಯೇ ನೀರು ಹಾಕಿಸಿಕೊಂಡವರು. ಓಣಿಯಲ್ಲಿ ಹುಟ್ಟಿದ ಯಾವ ಕೂಸೂ ಆ ಕಾಲು ದಾಟದೆ ದೊಡ್ಡದಾಗಿಲ್ಲ.

ಮಸ್ತಾನಸಾಬ ಹಾರೆಯನ್ನು ಹೆಗಲಿಗೇರಿಸಿದ. "ಬಂಡಿ ಇದ್ರ ಏನಾತು ಮಾರಾಯ? ಆ ಮೂಲಿಗೆ ಬರೇ ಮಣ್ಣು ಐತಿ, ಬೇವಿನ ಗಿಡ ಎಷ್ಟು ದಪ್ಪ ಬೆಳದೈತಿ ನೋಡು. ಅಲ್ಲಿ ತೋಡೋಣ, ನಾನೂ ಒಂದು ಕೈ ಹಾಕ್ತೀನಿ. ಆನಿ ಬ್ಯಾಡ, ಒಂದು ಎಮ್ಮಿ ಮುಳುಗೋವಷ್ಟು ಆದ್ರ ಸಾಕು."

ಬಂಗಾರಪ್ಪನಿಗೂ ನಗು ಬಂತು. ನಾನು ಹೊಸಹಳ್ಳಿಯ ಚರಂಡಿಯಿಂದ ಎದ್ದು ಬಂದ ಹೆಗ್ಗಣವನ್ನು ಸಂತೆಯಲ್ಲಿ ಎಮ್ಮೆಕರು ಎಂದು ಮಾರಿದ ಕಥೆ ತೆಗೆದೆ. ಜಂಬಕ್ಕ ನನ್ನ ಕಾಲು ತುಳಿದಳು.

"ಪೈಪು ಎಲ್ಲಿ ಕೂಡೈತಿ, ಮೊದ್ಲು ತೋರಸ್ರಿ."

ಅನ್ನದಾನಮ್ಮನ ಮನೆಗೂ ಮಸ್ತಾನಸಾಬನ ಮನೆಗೂ ನಡುವೆ ಒಬ್ಬರು ಅಡ್ಡ ತಿರುಗಿ ನಡೆಯುವಷ್ಟು ಸಂದಿ ಇದೆ. ಬಂಗಾರಪ್ಪನ ಹಿತ್ತಲಿನಿಂದ ಹೊರಟ ಪೈಪು ಆ ಸಂದಿಯ ಮಣ್ಣಿನಡಿ ಬಂದು ಚರಂಡಿ ಸೇರುತ್ತಿತ್ತು. ಅಲ್ಲಿನ ಚಪ್ಪಡಿಯನ್ನು ಮಸ್ತಾನಸಾಬ ಎಬ್ಬಿಸಿದ.

ನೋಡಿದ ಕೂಡಲೇ ಎಲ್ಲ ತಿಳಿಯಿತು. ಪೈಪನ್ನು ಗೋಡೆಯ ಮಟ್ಟಕ್ಕೆ ಕತ್ತರಿಸಿರಲಿಲ್ಲ. ಅದು ಒಂದು ಮೊಳ ಒಳಗೆ ಚಾಚಿ, ಹರಿಯುವ ನೀರಿಗೆ ಅಡ್ಡವಾಗಿ ಮೊಣಕೈ ಹಿಡಿದ ಹಾಗೆ ನಿಂತಿತ್ತು. ಅದರ ಬಾಯಿ ಕೆಳಮುಖ, ಹಾಗಾಗಿ ನೀಲಿ ನೀರು ಸಲೀಸಾಗಿ ಇಳಿದು ಹೋಗಿತ್ತು. ಮೇಲಿನಿಂದ ಬಂದದ್ದೆಲ್ಲ ಆ ಮೊಣಕೈಗೆ ಸಿಕ್ಕಿಕೊಂಡಿತ್ತು. ಕೂದಲು, ಬೂದಿ, ಹೆಪ್ಪುಗಟ್ಟಿದ ಜಿಡ್ಡು, ಹಿಟ್ಟಿನ ಗಸಿ. ನಡುವೆ ಬಿರಡೆಯ ಹಾಗೆ ಬಿಗಿಯಾಗಿ ಒಂದು ಬಟ್ಟೆಯ ಗಂಟು.

ಮಸ್ತಾನಸಾಬ ಕೋಲಿನಿಂದ ಗಂಟನ್ನು ಎಳೆದ. ಗುಳುಂ ಎಂದು ಚರಂಡಿ ಒಂದು ದೊಡ್ಡ ಗುಟುಕು ನುಂಗಿತು. ನಿಂತ ನೀರೆಲ್ಲ ಹೊರಟಿತು. ಅರಿಶಿನ ನಮ್ಮ ಕಾಲ ಕೆಳಗೆ ಬಂಗಾರದ ಹಾಗೆ ಹರಿದು ಹೋಯಿತು. ಆ ಸದ್ದು ಕೂಡ್ಲಿಗಿಯವರಿಗೂ ಕೇಳಿಸಿರಬೇಕು.

"ಇಳೀತು! ಬಚ್ಚಲಾ ಖಾಲಿ ಆತು!" ಅನ್ನದಾನಮ್ಮ ಮನೆಯೊಳಗೆ ಓಡಿಹೋಗಿ ನೋಡಿ, ಕಣ್ಣೊರೆಸಿಕೊಂಡು ಹೊರಬಂದಳು. "ರಹಿಮತ್ ಬೀ, ಹಂಡೇದಾಗ ನೀರು ಕುದ್ದು ಕುದ್ದು ಸಾಕಾಗೈತಿ, ಬಾ ತಾಯಿ, ಕೂಸಿಗೆ ಎರಡು ಚರಿಗಿ ಹಾಕು."

"ಬಂದೆ. ಎಣ್ಣಿ ಹಚ್ಚೀಯೇನು? ಹಿಟ್ಟಿನ ನೀರು ಅರಿವ್ಯಾಗ ಸೋಸಬೇಕು ನೋಡು ಇವತ್ತಿಂದ. ಗಸಿ ಎಲ್ಲಾ ತಿಪ್ಪಿಗೆ." ರಹಿಮತ್ ಬೀ ತೋಳು ಏರಿಸಿಕೊಂಡು ಒಳಗೆ ಹೋದಳು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಊಟಕ್ಕೆ ಹೋಗುತ್ತಿದ್ದೆ.

ಜಂಬಕ್ಕ ಬಟ್ಟೆಯ ಗಂಟಿನ ಮೇಲೆ ಒಂದು ಕೊಡ ನೀರು ಹೊಯ್ದು ಕೋಲಿನಿಂದ ಬಿಡಿಸಿದಳು. ಬಿಳೀ ಧೋತರದ ತುಂಡು. ನಾಲ್ಕೂ ಮೂಲೆಯಲ್ಲಿ ಕೆಂಪು ದಾರದ ಹೊಲಿಗೆ.

ಅವಳು ಅಲ್ಲೇ ಕೂತುಬಿಟ್ಟಳು.

ಆ ಹೊಲಿಗೆ ಅವಳದೇ. ಖಾನಾವಳಿಯ ರೊಟ್ಟಿ ಸುತ್ತುವ ಬಟ್ಟೆಗಳು ಅಗಸರ ಮನೆಯಲ್ಲಿ ಬೇರೆಯವರ ಬಟ್ಟೆಯೊಡನೆ ಬೆರೆಯಬಾರದೆಂದು ಎಲ್ಲಕ್ಕೂ ಅವಳು ಕೆಂಪು ಮೂಲೆ ಹಾಕುತ್ತಾಳೆ. ತನ್ನ ಬಚ್ಚಲ ತೂತಿಗೆ ತಂತಿಯ ಜಾಳಿಗೆ ಕೂರಿಸಿ, ಅನ್ನದ ಒಂದು ಅಗುಳೂ ದಾಟದ ಹಾಗೆ ಕಾಯುವವಳು. ಕರಿದ ಎಣ್ಣೆಯನ್ನು ಚರಂಡಿಗೆ ಸುರಿದನೆಂದು ಒಬ್ಬ ಅಡುಗೆಯವನನ್ನು ಅಟ್ಟಿಸಿಕೊಂಡು ಹೋಗಿದ್ದಳು. ಅವನು ಓಡುವುದನ್ನು ನಿಲ್ಲಿಸಿದ್ದು ನೀಲಗುಂದದಲ್ಲಿ.

ಬಂಗಾರಪ್ಪ ಬಗ್ಗಿ ನೋಡಿದ. ಕೆಂಪು ಮೂಲೆ ಯಾರದ್ದೆಂದು ಅವನಿಗೂ ಗೊತ್ತು, ಧೋತರ ಅವನ ಅಂಗಡಿಯದೇ.

"ಪೈಪು ನಂದು, ಒಪ್ಪಿದೆ. ಅರಿವಿ?" ಎಂದ. ಅವನ ದನಿಯಲ್ಲಿ ಗೆಲುವಿಗಿಂತ ಮುಜುಗರವೇ ಹೆಚ್ಚಿತ್ತು. "ಕರಾರು ನೀನಾ ಹಾಕಿದ್ದು ಜಂಬಕ್ಕ. ಪೈಪು ಇವತ್ತಾ ಕೀಳಸ್ತೀನಿ. ಆದ್ರ ಅರಿವಿ ಯಾರದೋ ಅವರ ಬಚ್ಚಲಾ..."

"ಮುಚ್ಚಬೇಕು. ಹೌದು."

ಬಚ್ಚಲು ಮುಚ್ಚಿದ ಖಾನಾವಳಿಯಲ್ಲಿ ಪಾತ್ರೆ ತೊಳೆಯುವುದೆಲ್ಲಿ? ನಾಳೆಯಿಂದ ಒಲೆ ಹೊತ್ತಿಸುವುದಾದರೂ ಹೇಗೆ?

"ಆದ್ರ ಅಣ್ಣಾ," ಎಂದಳು ಜಂಬಕ್ಕ, ಕಣ್ಣು ಬಟ್ಟೆಯ ಮೇಲೆಯೇ, "ನನ್ನ ಮನಿ ಓಣಿ ಕೆಳಗ ಐತಿ. ಗಂಟು ಸಿಕ್ಕಿದ್ದು ಮ್ಯಾಲ. ನೀರು ಹತ್ತಿ ಬರಂಗಿಲ್ಲ. ಇದನ್ನ ಯಾರೋ ಕೈಯಾಗ ತಂದಾರ."

ಅನ್ನದಾನಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಜಂಬಕ್ಕ, ಇದು ಅಮೃತಾಗ ನೀನು ರೊಟ್ಟಿ ಕಟ್ಟಿಕೊಂಡು ಬಂದಿದ್ದ ಅರಿವಿ."

"ಹೌದು. ನಿನ್ನ ಮನಿಗೇ ಕೊಟ್ಟಿದ್ದೆ. ನೀನು..." ಜಂಬಕ್ಕ ನಿಲ್ಲಿಸಿದಳು. ಹೇಳಿದರೆ ಸಿಮೆಂಟು ಮತ್ತೆ ಬಾಣಂತಿಯ ಬಚ್ಚಲಿಗೇ ಹೋಗುತ್ತದೆ. ಬಾಣಂತಿಗೆ ತಂಡಿ ಗಾಳಿ ತಾಗದಿರಲಿ ಎಂದು ನಮ್ಮ ಕಡೆ ಎಲ್ಲರೂ ಬಚ್ಚಲ ತೂತಿಗೆ ಬಟ್ಟೆ ತುರುಕುತ್ತಾರೆ. ತೆಗೆಯುವುದನ್ನು ಮರೆತು ನೀರು ಹೊಯ್ದರೆ ಬಟ್ಟೆ ನೇರ ಚರಂಡಿಗೆ. ಅಲ್ಲಿದ್ದ ಎಲ್ಲರಿಗೂ ಅದೇ ಹೊಳೆದಿತ್ತು.

"ಇಲ್ಲವಾ!" ಅನ್ನದಾನಮ್ಮ ಅವಳ ಕೈ ಹಿಡಿದಳು. "ನಾನು ತುರುಕಿಲ್ಲ. ನನ್ನ ಮನಿ ಬಚ್ಚಲಾಕ್ಕ ಹಳೇ ಚಾದರದ ತುಂಡು ಐತಿ, ಈಗ್ಲೂ ಮೊಳಿಗೆ ನೇತಾಡಾಕತ್ತೈತಿ, ಬಂದು ನೋಡು. ಈ ಅರಿವಿ ನಾನು ಶನಿವಾರ ಸಂಜಿಗೇ ವಾಪಸ್ ಕೊಟ್ಟೆ. ಬರೇ ಅರಿವಿ ಹೆಂಗ ಕೊಡ್ಲಿ ಅಂತ ಎರಡು ಅಚ್ಚು ಬೆಲ್ಲ ಗಂಟು ಹಾಕಿ ಕೊಟ್ಟೆ."

"ಯಾರ ಕೈಯಾಗ?"

ಅನ್ನದಾನಮ್ಮ ಸುತ್ತ ನೋಡಿದಳು. ಅವಳ ಬೆರಳು ಎದ್ದು ನೆಟ್ಟಗೆ ನನ್ನ ಎದೆಗೆ ಬಂದು ನಿಂತಿತು.

"ಪಾಲಯ್ಯಣ್ಣನ ಕೈಯಾಗ."

"ನಾನಾ?" ನಾನು ಕುಪ್ಪಳಿಸಿದೆ. "ಶನಿವಾರ ಸಂಜಿಗೆ ನಾನು ಹಡಗಲಿ ಬಸ್ಸಿನಾಗ ಇದ್ದೆ!"

"ಯಾವ ಬಸ್ಸು?" ಮಸ್ತಾನಸಾಬ ಕೇಳಿದ. "ತಾನಾ ಓಡಿ ಬಂತಲ್ಲ, ಆ ಬಸ್ಸಾ?"

ಓಣಿಯೆಲ್ಲ ನಕ್ಕಿತು. ನಾನು ದೇವರಾಣೆ ಎಂದೆ. ಇನ್ನೂ ಜೋರಾಗಿ ನಕ್ಕರು. ಡ್ರೈವರ್ ಮಲಗಿದ್ದು ಸ್ವಲ್ಪ ಹೆಚ್ಚು ಹೇಳಿರಬಹುದು, ಬಸ್ಸಂತೂ ನಿಜ ಎಂದೆ. ಬಂಗಾರಪ್ಪ ಹೊಟ್ಟೆ ಹಿಡಿದುಕೊಂಡ.

ಜಂಬಕ್ಕ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಒಂದು ಕಡೆ ಎಳವೆಯ ಗೆಳತಿ, ಇನ್ನೊಂದು ಕಡೆ ಕಟ್ಟಿಕೊಂಡ ಗಂಡ. ಇಬ್ಬರಲ್ಲಿ ಒಬ್ಬರು ಹೇಳುತ್ತಿರುವುದು ಸುಳ್ಳು. ಸುಳ್ಳು ಹೇಳುವುದರಲ್ಲಿ ಯಾರ ಕೈ ಪಳಗಿದೆ ಎಂದು ಐದು ತಾಲ್ಲೂಕಿಗೂ ಗೊತ್ತು.

"ಅನ್ನದಾನಮ್ಮ," ಎಂದಳು, "ಮಾರಿ ನೋಡಿದ್ಯೇನು?"

"ಆಗ ಸ್ವಲ್ಪ ಹೊತ್ತು ಕರೆಂಟು ಹೋಗಿತ್ತು. ಹಸರು ಅಂಚಿನ ಟವೆಲ್ ತಲಿ ತುಂಬಾ ಹೊದ್ದುಕೊಂಡು ಬಾಗಲಾಗ ನಿಂತಿದ್ದ. ಜಂಬಕ್ಕನ ಅರಿವಿ ಒಯ್ಯಾಕ ಬಂದಾನ ಅಂತ ನಾನಾ ತಿಳಕೊಂಡೆ. ಗಂಟು ಕೊಟ್ಟೆ, ತಗೊಂಡು ಹೋದ."

"ಏನು ಮಾತಾಡಿದ?"

"ಏನೂ ಇಲ್ಲ."

"ಏನೂ? ಕೂಸು ಹೆಂಗೈತಿ ಅಂತ ಕೇಳಲಿಲ್ಲ? ಬೆಲ್ಲ ನೋಡಿ, ತಾನು ಒಮ್ಮಿ ಗಾಡಿ ಗಾತ್ರದ ಬೆಲ್ಲದ ಅಚ್ಚು ಕಂಡಿದ್ದೆ ಅಂತ ಹೇಳಲಿಲ್ಲ?"

"ಇಲ್ಲವಾ. ಪಿಟ್ಟನ್ನಲಿಲ್ಲ."

ಜಂಬಕ್ಕ ಎದ್ದು ನಿಂತಳು. ಸೀರೆ ಕೊಡವಿದಳು. ಅವಳ ಮುಖ ಹಗುರಾಯಿತು.

"ಹಂಗಾದ್ರ ಅವನು ನನ್ನ ಗಂಡ ಅಲ್ಲ," ಎಂದಳು. "ಈ ಮನುಷ್ಯ ಒಬ್ಬರ ಬಾಗಲಾಗ ನಿಂತು ಒಂದು ಕಥಿ ಹೇಳದಾ ಹೊಳ್ಳಿ ಹೋಗ್ಯಾನ ಅಂದ್ರ, ಸತ್ತಿರಬೇಕು. ಸತ್ತಿಲ್ಲ. ಇಲ್ಲೇ ನಿಂತಾನ."

ಅಷ್ಟು ಜನರ ಮುಂದೆ ಅವಳನ್ನು ಏನೆಂದು ಕರೆಯಬೇಕೋ ತಿಳಿಯಲಿಲ್ಲ. "ಜಂಬೀ," ಎಂದೆ.

"ಸುಮ್ನಿರ್ರಿ. ನಿಮ್ಮ ಟವೆಲ್ ಹೊದ್ದುಕೊಂಡು ಬಂದವನು ಯಾರು ಅನ್ನೋದು ಮುಖ್ಯ. ಪೈಪು ಗಟಾರದಾಗ ಚಾಚಿಕೊಂಡು ನಿಂತಿರೋ ಜಾಗ ಅವನಿಗೆ ಗೊತ್ತಿತ್ತು. ಗಂಟು ತುರುಕಿದ್ರ ಅಲ್ಲೇ ಕಟ್ಟತೈತಿ ಅಂತಾನೂ ಗೊತ್ತಿತ್ತು. ಬಂಗಾರಪ್ಪಣ್ಣಾ, ಆ ಜಾಗ ನಿನಗ ಬಿಟ್ಟು ಇನ್ನ್ಯಾರಿಗೆ ಗೊತ್ತು?"

ಬಂಗಾರಪ್ಪ ಮೆಲ್ಲಗೆ ಹಿಂದೆ ತಿರುಗಿದ.

ಅವನ ಹಿಂದೆ ಯಾರೂ ಇರಲಿಲ್ಲ. ಸಿಮೆಂಟಿನ ಬುಟ್ಟಿ ಮಗುಚಿ ಬಿದ್ದಿತ್ತು. ಕರಣೆ ಪಕ್ಕದಲ್ಲಿತ್ತು. ಗೌಂಡಿ ಪಾಲಾಕ್ಷಪ್ಪ ಇರಲಿಲ್ಲ.

ಅದೇ ಹೊತ್ತಿಗೆ ಅನ್ನದಾನಮ್ಮನ ಮನೆಯೊಳಗಿಂದ ರಹಿಮತ್ ಬೀ ಕೂಗಿದಳು.

"ಯವ್ವಾ! ನೀರು ಹೊಳ್ಳಿ ಬರಾಕತ್ತೈತಿ! ಕೂಸು ಕಾಲ ಮ್ಯಾಲೈತಿ, ಯಾರಾದ್ರೂ ಬರ್ರಿ!"

ಜಂಬಕ್ಕ ಓಡಿದಳು. ಅನ್ನದಾನಮ್ಮ ಒಳಗೆ ನುಗ್ಗಿ ಕೂಸನ್ನು ಎತ್ತಿಕೊಂಡಳು. ನಾವು ಪಕ್ಕದ ಗೋಡೆಗೆ ಹೋದೆವು, ಬಚ್ಚಲ ತೂತು ಹೊರಗೆ ಬೀಳುವ ಕಡೆಗೆ. ಅಲ್ಲಿ ತೂತೇ ಇರಲಿಲ್ಲ. ಹಸಿ ಸಿಮೆಂಟು, ಕರಣೆಯಿಂದ ನೀಟಾಗಿ ಸವರಿ ಮುಚ್ಚಿದ್ದು. ನಾವೆಲ್ಲ ನಗುತ್ತಿದ್ದಾಗ ನಮ್ಮ ಬೆನ್ನ ಹಿಂದೆಯೇ.

"ನಾನು ಹೇಳಿಲ್ಲವಾ!" ಬಂಗಾರಪ್ಪನ ದನಿ ಅಳುವಂತಿತ್ತು. "ನನ್ನ ಮಕ್ಕಳಾಣಿ, ನಾನು ಹೇಳಿಲ್ಲ!"

ಜಂಬಕ್ಕ ಬರಿಗೈಯಿಂದ ಸಿಮೆಂಟು ಕೆದರಿದಳು. ನಾನೂ ಕೆದರಿದೆ. ಬಂಗಾರಪ್ಪನೂ ಬಂದು ಮೊಣಕಾಲೂರಿ ಕೆದರಿದ. ಸಿಮೆಂಟಿನ ಹಿಂದೆ ಮೆತ್ತಗೆ ಏನೋ ತಾಗಿತು. ಜಂಬಕ್ಕ ಹಿಡಿದು ಜಗ್ಗಿದಳು. ಬೆಚ್ಚಗಿನ ನೀರು, ಸೀಗೆಕಾಯಿ ವಾಸನೆಯೊಡನೆ, ನಮ್ಮ ಮೂವರ ಮುಖಕ್ಕೂ ಚಿಮ್ಮಿತು. ಒಳಗೆ ಕೂಸು ಅಳು ನಿಲ್ಲಿಸಿತು.

ಅವಳ ಕೈಯಲ್ಲಿ ನೀರು ಸೋರುತ್ತಿದ್ದದ್ದು ಒಂದು ಟವೆಲ್. ಹಸಿರು ಅಂಚು.

ಜಂಬಕ್ಕ ಅದನ್ನು ಹಿಂಡಿದಳು, ಕೊಡವಿದಳು, ನನ್ನ ಹೆಗಲಿಗೆ ಹಾಕಿದಳು.

"ಬಾಣಂತಿ ಬಚ್ಚಲದ ಮ್ಯಾಲ ಆ ಗೌಂಡಿಗೆ ಏನು ಹಗೆ?" ಎಂದಳು. "ನಮ್ಮ ಮನಿ ಹಗ್ಗದ ಮ್ಯಾಲಿನ ಟವೆಲ್ ಅವನ ಕೈಗೆ ಕೊಟ್ಟವರು ಯಾರು? ಹೇಳ್ರಿ, ಈಗ ಹೇಳ್ರಿ ಒಂದು ಕಥಿ."

ಓಣಿಯವರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು.

ಯಾರು ಕೊಟ್ಟರೆಂದು ನನಗೂ ಗೊತ್ತಿರಲಿಲ್ಲ; ನನ್ನ ಹತ್ತಿರ ಕಥೆ ಇರಲಿಲ್ಲ.